ಹಳೇ ಜೀಪಿನ ಹಿಂದಿನ ಆಕ್ಸಲ್‌ಗೆ ಡಿಸ್ಕ್ ಬ್ರೇಕ್ ಹಾಕಿಸಬಹುದಾ?

ಪ್ರಶ್ನೆ: ಅಪ್ಪನ ಕಾಲದ ಮಹೀಂದ್ರ ಸಿಜೆ 3ಬಿ ಜೀಪಿದೆ. ತೋಟಕ್ಕೂ ಅದೇ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿಗೆ ಹೋಗುವುದಕ್ಕೂ ಅದೇ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಹಿಂದೆ ಡಿಸ್ಕ್ ಹಾಕಿಸಿದರೆ ಸರಿ ಹೋಗುತ್ತಾ?
– ವಿರಾಜಪೇಟೆಯ ಓದುಗರು

ಉತ್ತರ: ಹಾಕಿಸಬಹುದು, ಆದರೆ ಹಿಂದಿನಿಂದ ಶುರು ಮಾಡಬೇಡಿ. ಇಳಿಜಾರಲ್ಲಿ ಬ್ರೇಕ್ ಒತ್ತಿದರೆ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸ ಜಾಸ್ತಿ ಮಾಡುವುದು ಮುಂದಿನ ಚಕ್ರಗಳೇ. ಹಿಂದೆ ಮಾತ್ರ ಜೋರಾಗಿ ಹಿಡಿಯುವ ಹಾಗೆ ಮಾಡಿದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಮಾಕುಟ್ಟದ ತಿರುವಲ್ಲಿ ಅದು ಬೇಡ ಅಲ್ವಾ? ಮಾರುತಿ ಜಿಪ್ಸಿಗೂ ಕಂಪನಿಯವರು ಡಿಸ್ಕ್ ಕೊಟ್ಟಿದ್ದು ಮುಂದೆ, ಹಿಂದೆ ಡ್ರಮ್ಮೇ (ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಗೋಡೆಗೆ ಉಜ್ಜಿ ನಿಲ್ಲಿಸುವ ಬ್ರೇಕ್, ನಿಮ್ಮ ಜೀಪಲ್ಲಿರುವುದೂ ಅದೇ).

ಮೊದಲು ಒಂದು ವಿಷಯ ಗಮನಿಸಿ. ಬ್ರೇಕ್ ಹೋಗುವಾಗ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದಾ, ಇಲ್ಲ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲುವುದಿಲ್ಲವಾ? ಮೆತ್ತಗಾದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು, ಆದರೆ ನೀರಿನ ತೇವ ಎಳೆದುಕೊಂಡ ಮೇಲೆ 140ರ ಹತ್ತಿರವೇ ಕುದಿಯಬಹುದು, ನಮ್ಮ ಕೊಡಗಿನ ಮಳೆಯಲ್ಲಿ ತೇವಕ್ಕೇನು ಬರ! ಹಳೆಯದನ್ನು ಪೂರ್ತಿ ಚೆಲ್ಲಿ ಹೊಸದು ಹಾಕಿಸಿ, ಏರ್ ತೆಗೆಸಿ. ಪೆಡಲ್ ಗಟ್ಟಿ ಇದ್ದೂ ಹಿಡಿಯದಿದ್ದರೆ ಕಾದು ಸೋತಿರುವುದು ಲೈನರ್, ಅಂದರೆ ಡ್ರಮ್ಮಿಗೆ ಉಜ್ಜುವ ಪಟ್ಟಿ.

ಆಗ ಡ್ರಮ್ ಬಿಚ್ಚಿಸಲೇಬೇಕು. ಇದರ ಹಿಂದಿನದು ಟೇಪರ್ ಆಕ್ಸಲ್ (ತುದಿ ಸಣ್ಣಗಾಗುತ್ತಾ ಹೋಗುವ ಅಚ್ಚು), ನಟ್ ತೆಗೆದರೂ ಚಕ್ರ ಕೂರುವ ಹಬ್ ಸುಲಭಕ್ಕೆ ಬರುವುದಿಲ್ಲ. ಪುಲ್ಲರ್ ಬೇಕು, ಸುತ್ತಿಗೆಯಲ್ಲಿ ಬಡಿಯಲು ಬಿಡಬೇಡಿ. ಹೋದ ಮಳೆಗಾಲ ನಾನು ಬಿಚ್ಚಿದ ಒಂದು ಜೀಪಲ್ಲಿ ಕೆಂಪು ಕೆಸರು ಒಣಗಿ ಒಳಗೇ ಇಟ್ಟಿಗೆಯಾಗಿತ್ತು. ಒಂದು ಬದಿಯ ಲೈನರ್ ಆಕ್ಸಲ್ ಆಯಿಲ್ ಕುಡಿದು ಕಪ್ಪಗೆ ಜಿಡ್ಡಾಗಿತ್ತು. ಯಜಮಾನರು ಡಿಸ್ಕ್ ಕಿಟ್‌ಗೆ ದುಡ್ಡು ಹೊಂದಿಸುತ್ತಿದ್ದರು, ಬೇಕಾಗಿದ್ದದ್ದು ಒಂದು ಸೀಲ್ ಮತ್ತು ಒಂದು ಸೆಟ್ ಲೈನರ್.

ಅಷ್ಟಾದರೂ ಸಾಲದಿದ್ದರೆ 9 ಇಂಚಿನ ಡ್ರಮ್ ತೆಗೆದು 11 ಇಂಚಿನದು ಹಾಕಿಸುವ ಹಳೇ ದಾರಿ ಇದೆ. ಇಲ್ಲ, ಡಿಸ್ಕೇ ಬೇಕು ಅಂದರೆ ಮೊದಲು ಮುಂದೆ, ಆಮೇಲೆ ಹಿಂದೆ.

ಹಿಂದೆ ಹಾಕಿಸುವಾಗ ಹೆಚ್ಚಿನವರು ಎಡವುವುದು ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಲ್ಲಿ. ಡ್ರಮ್‌ಗೆ ಮಾಡಿದ್ದರಲ್ಲಿ ಪ್ರೆಶರ್ ಸ್ವಲ್ಪ ಉಳಿಸುವ ಚೆಕ್ ವಾಲ್ವ್ ಇರುತ್ತದೆ, ಅದು ಹಾಗೇ ಇದ್ದರೆ ಪ್ಯಾಡ್ ಡಿಸ್ಕನ್ನು ಸದಾ ಉಜ್ಜುತ್ತಲೇ ಇರುತ್ತದೆ. ಸುಮ್ನೆ ಕಿತ್ತು ಹಾಕುವ ಹಾಗೂ ಇಲ್ಲ, ಯಾಕೆಂದರೆ ಈ ಜೀಪಲ್ಲಿ ಸಿಲಿಂಡರ್ ಇರುವುದು ಕಾಲಡಿಯಲ್ಲಿ, ಕ್ಯಾಲಿಪರ್‌ಗಿಂತ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕೆಳಗೆ, ಆಯಿಲ್ ವಾಪಸ್ ಇಳಿದುಬಿಡುತ್ತದೆ. 10 ಪಿಎಸ್‌ಐ (ಪ್ರೆಶರ್ ಅಳತೆ) ಉಳಿಸುವುದರ ಜಾಗಕ್ಕೆ 2 ಪಿಎಸ್‌ಐ ವಾಲ್ವ್ ಹಾಕಬೇಕು. ಕ್ಯಾಲಿಪರ್‌ಗೆ ಆಯಿಲೂ ಜಾಸ್ತಿ ಬೇಕು, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲದೆ ಪೆಡಲ್ ಕಲ್ಲಿನ ಹಾಗಾಗುತ್ತದೆ.

ಹ್ಯಾಂಡ್ ಬ್ರೇಕ್ ಚಿಂತೆ ಕಮ್ಮಿ. ಮೂಲ ಜೋಡಣೆ ಹಾಗೇ ಇದ್ದರೆ ಅದು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ ಇರುತ್ತದೆ, ಚಕ್ರದಲ್ಲಲ್ಲ. ಕೆಲಸಕ್ಕೆ ಮೊದಲು ಮಡಿಕೇರಿ ಆರ್‌ಟಿಒದಲ್ಲಿ ಒಂದು ಮಾತು ಕೇಳಿಬಿಡಿ.

ಅಲ್ಲಿವರೆಗೆ ಘಾಟಿಯನ್ನು ಸೆಕೆಂಡ್ ಗೇರಲ್ಲೇ ಇಳಿಯಿರಿ. ಡ್ರಮ್ ಬಿಚ್ಚಿದಾಗ ಒಳಗಿನ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.