ಬೀಟು ಗಡಿಯಾರದಂತೆ ಕೇಳಿಸಿದರೆ

ಪ್ರಶ್ನೆ: ಅಮೆರಿಕದ ಹಿಪ್-ಹಾಪ್ ಸಂಗೀತಗಾರ ಜೆ ಡಿಲ್ಲಾ ಅವರ ‘ಡೋನಟ್ಸ್’ (2006) ಆಲ್ಬಮ್ ಕೇಳಿ ಲ್ಯಾಪ್‌ಟಾಪಿನಲ್ಲಿ ಬೀಟ್ ಮಾಡುತ್ತಿದ್ದೇನೆ. ಕ್ವಾಂಟೈಸ್ (ಪೆಟ್ಟುಗಳನ್ನು ತಾಳದ ಗೆರೆಗೆ ತಾನಾಗಿ ಕೂರಿಸುವ ಸೌಲಭ್ಯ) ಹಾಕಿದರೆ ಗಡಿಯಾರ ಬಡಿದಂತಿರುತ್ತದೆ, ತೆಗೆದರೆ ತಾಳವೇ ತಪ್ಪುತ್ತದೆ. ಏನು ಮಾಡಲಿ?

ಉತ್ತರ: ಎಲ್ಲ ವಾದ್ಯಕ್ಕೂ ಒಟ್ಟಿಗೆ ಹಾಕುವುದು ಅಥವಾ ತೆಗೆಯುವುದೇ ತಪ್ಪು. ಡಿಲ್ಲಾ ಅವರ ನಡೆ ಅಡ್ಡಾದಿಡ್ಡಿಯಲ್ಲ. ಅವರು ಬಳಸುತ್ತಿದ್ದ ಬೀಟ್ ಯಂತ್ರ ಅಕಾಯ್ ಎಂಪಿಸಿ 3000ರಲ್ಲಿ ಪೆಟ್ಟುಗಳನ್ನು ಬೇಕಾದಷ್ಟೇ ಹಿಂದೆ ಮುಂದೆ ಸರಿಸಬಹುದು.

ವೇಗ 90 ಬಿಪಿಎಂ (ನಿಮಿಷಕ್ಕೆ 90 ಎಣಿಕೆ) ಇಡಿ. ಆಗ ಒಂದು ಬಾರಿನ (ನಾಲ್ಕು ಎಣಿಕೆಯ ಆವರ್ತದ) ಹದಿನಾರನೇ ಒಂದು ಭಾಗದ ಪೆಟ್ಟಿಗೆ 167 ಮಿಲಿಸೆಕೆಂಡ್. ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಮಾತ್ರ ಕ್ವಾಂಟೈಸ್ ಮಾಡಿ 54% ಸ್ವಿಂಗ್ ಕೊಡಿ, ಅಂದರೆ ಜೋಡಿ ಪೆಟ್ಟಿನ ಸಮಯದಲ್ಲಿ 54% ಮೊದಲನೆಯದಕ್ಕೆ. ಪ್ರತಿ ಎರಡನೇ ಪೆಟ್ಟು 13 ಮಿಲಿಸೆಕೆಂಡ್ ತಡವಾಗುತ್ತದೆ. 66% ಮುಟ್ಟಿದರೆ ಅದು ತಿಶ್ರ ನಡೆಯೇ ಆಗಿಬಿಡುತ್ತದೆ, ಅಷ್ಟು ಬೇಡ. ಸ್ನೇರನ್ನು (ಚುರುಕು ಸದ್ದಿನ ಡ್ರಮ್) 10ರಿಂದ 15 ಮಿಲಿಸೆಕೆಂಡ್ ಮುಂಚೆ ತನ್ನಿ. ಕಿಕ್ಕನ್ನು (ದಪ್ಪ ಸದ್ದಿನ ದೊಡ್ಡ ಡ್ರಮ್) ಕೈಯಲ್ಲೇ ನುಡಿಸಿ, ಹಾಗೇ ಬಿಡಿ. ಸ್ನೇರೂ ಹೈ-ಹ್ಯಾಟೂ ಸುಮಾರು 30 ಮಿಲಿಸೆಕೆಂಡಿಗಿಂತ ದೂರವಾದರೆ ಒಂದೇ ಪೆಟ್ಟು ಎರಡಾಗಿ ಒಡೆದು ಕೇಳುತ್ತದೆ. ಮುಖ್ಯವಾದದ್ದು: ಎರಡು ಬಾರ್ ಉದ್ದದ ಲೂಪಿನಲ್ಲಿ (ಮತ್ತೆ ಮತ್ತೆ ಸುತ್ತುವ ತುಣುಕಿನಲ್ಲಿ) ಅದೇ ತಡ ಅದೇ ಜಾಗದಲ್ಲಿ ಮರಳಿ ಬರಲಿ. ಮರಳಿ ಬಂದಾಗಲೇ ಕಿವಿ ಅದನ್ನು ಲಯ ಎಂದು ಒಪ್ಪುವುದು.

ಪ್ರಶ್ನೆ: ಹಳೆಯ ಆಲ್ಬಮ್‌ಗಳ ಆ ಒರಟು ನಾದ ಬರಲು ಬಿಟ್‌ಕ್ರಷರ್ (ಧ್ವನಿಯ ಡಿಜಿಟಲ್ ಗುಣಮಟ್ಟ ಇಳಿಸುವ ಎಫೆಕ್ಟ್) ಹಾಕಿದೆ. ಬರೀ ಕರಕರ ಸದ್ದು.

ಉತ್ತರ: ಬಹುಶಃ ಕೊನೆಯಲ್ಲಿ, ಇಡೀ ಮಿಕ್ಸಿಗೆ ಹಾಕಿದ್ದೀರಿ. 1987ರ ಈ-ಮು ಎಸ್‌ಪಿ-1200 ಎಂಬ ಸ್ಯಾಂಪಲರ್ (ಧ್ವನಿ ತುಣುಕು, ಅಂದರೆ ಸ್ಯಾಂಪಲ್, ತುಂಬಿಕೊಂಡು ನುಡಿಸುವ ಯಂತ್ರ) 12 ಬಿಟ್, 26.04 ಕಿಲೋಹರ್ಟ್ಸ್; ಒಟ್ಟು ಸುಮಾರು 10 ಸೆಕೆಂಡಿನಷ್ಟೇ ಜಾಗ. ಜಾಗ ಉಳಿಸಲೆಂದು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನಲ್ಲಿ ಓಡಿಸಿ ತುಂಬಿಕೊಂಡು, ಯಂತ್ರದೊಳಗೆ ಶ್ರುತಿಯನ್ನು ಕೆಳಗಿಳಿಸುತ್ತಿದ್ದರು. ಆ ಇಳಿಕೆಯಲ್ಲೇ ಒರಟುತನ ಹುಟ್ಟುತ್ತಿತ್ತು. ನೀವೂ ಅದೇ ಕ್ರಮ ಹಿಡಿಯಿರಿ: ಸ್ಯಾಂಪಲನ್ನು 1.35 ಪಟ್ಟು ವೇಗ ಮಾಡಿ, ಆಮೇಲೆ 12 ಬಿಟ್, 26 ಕಿಲೋಹರ್ಟ್ಸಿಗೆ ಇಳಿಸಿ, ಕೊನೆಗೆ ಶ್ರುತಿಯನ್ನು 5.2 ಸೆಮಿಟೋನ್ (ಅರ್ಧ ಸ್ವರ) ಕೆಳಗೆ ತನ್ನಿ. ವಾರ್ಪ್ (ಶ್ರುತಿ ಬದಲಾದರೂ ಉದ್ದವನ್ನು ಹಾಗೇ ಉಳಿಸುವ ಸೌಲಭ್ಯ) ಆಫ್ ಇರಲಿ. ಆನ್ ಇದ್ದರೆ ಪೆಟ್ಟಿನ ಮೊನೆ ಕಲಸಿಹೋಗುತ್ತದೆ. ಬೇಸನ್ನು ಇದರಿಂದ ಹೊರಗಿಡಿ.

ಪ್ರಶ್ನೆ: ನಮ್ಮ ಸಿನಿಮಾ ಹಾಡುಗಳನ್ನು ಯಾರಾದರೂ ಹೀಗೆ ಬಳಸಿದ್ದಾರೆಯೇ?

ಉತ್ತರ: ಮ್ಯಾಡ್‌ಲಿಬ್ ಎಂಬ ಅಮೆರಿಕದ ಬೀಟ್ ತಯಾರಕರ ‘ಬೀಟ್ ಕಂಡಕ್ಟಾ ಇನ್ ಇಂಡಿಯಾ’ (2007) ಕೇಳಿ, ಹಿಂದಿ ಚಿತ್ರಸಂಗೀತದ ತುಣುಕುಗಳು ಸಿಗುತ್ತವೆ. ನೀವು ಬಳಸಿ ಬಿಡುಗಡೆ ಮಾಡುವುದಾದರೆ ಧ್ವನಿಮುದ್ರಣದ ಹಕ್ಕು, ಸಂಗೀತ-ಸಾಹಿತ್ಯದ ಹಕ್ಕು ಬೇರೆ ಬೇರೆ. ಎರಡಕ್ಕೂ ಅನುಮತಿ ಪಡೆಯಿರಿ.