ರಾಸ್‌ಗೆ ಮಲೇರಿಯಾ ಪರಾವಲಂಬಿ ಮೊದಲೆರಡು ವರ್ಷ ಏಕೆ ಸಿಗಲಿಲ್ಲ?
ಭಾರತದಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಎರಡು ವರ್ಷ ಸೊಳ್ಳೆ ಕೊಯ್ದರೂ ಮಲೇರಿಯಾ ಪರಾವಲಂಬಿ ಯಾಕೆ ಕಾಣಲಿಲ್ಲ ಅಂತ ಕೇಳಿದ್ದೀರಿ. ಸೊಳ್ಳೆಯ ಜಾತಿಯೇ ತಪ್ಪಿತ್ತು. ಹೆಚ್ಚಾಗಿ ಬಳಸಿದ್ದು ಕ್ಯೂಲೆಕ್ಸ್, ಈಡಿಸ್. ಮನುಷ್ಯರ ಮಲೇರಿಯಾ ಅವುಗಳಲ್ಲಿ ಬೆಳೆಯುವುದಿಲ್ಲ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೆಕ್ಕೆ ಮೇಲೆ ಚುಕ್ಕೆಯಿರುವ ಅನಾಫಿಲಿಸ್ ಸಿಕ್ಕಿತು, ಮನುಷ್ಯರ ಮಲೇರಿಯಾ ಬೆಳೆಯುವುದು ಈ ಜಾತಿಯಲ್ಲೇ. ಇಂಥ ಪ್ರಯೋಗಕ್ಕೆ ಲಾರ್ವಾದಿಂದಲೇ (ಮರಿಹುಳುವಿನಿಂದಲೇ) ಸಾಕಿದ ಸೊಳ್ಳೆ ಬೇಕು. ಹಿಡಿದು ತಂದದ್ದು ಮೊದಲು ಯಾರ ರಕ್ತ ಕುಡಿದಿದೆಯೋ ಗೊತ್ತಾಗಲ್ಲ. 16ರಂದು ರೋಗಿಗೆ ಕಚ್ಚಿಸಿ, 20ರಂದು ಕೊಯ್ದಾಗ ಹೊಟ್ಟೆಯ ಗೋಡೆಯಲ್ಲಿ ಸುಮಾರು 12 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದುಂಡು ಕೋಶಗಳು, ಒಳಗೆ ಮಲೇರಿಯಾದ್ದೇ ಕಪ್ಪು ಕಣಗಳು. ಮರುದಿನದ ಸೊಳ್ಳೆಯಲ್ಲಿ ಅವು ಇನ್ನೂ ದಪ್ಪ, ಅಂದರೆ ಬೆಳೆಯುತ್ತಿವೆ. ಒಂದೆರಡು ದಿನಕ್ಕೇ ಕೊಯ್ದಿದ್ದರೆ ಇದೂ ತಪ್ಪಿಹೋಗುತ್ತಿತ್ತು. ಡಿಸೆಂಬರ್‌ನ ಬ್ರಿಟಿಷ್ ಮೆಡಿಕಲ್ ಜರ್ನಲ್ ಲೇಖನಕ್ಕೆ ಆಧಾರ ಬರೀ ಎರಡು ಸೊಳ್ಳೆ! ಕಚ್ಚಿದರೆ ಹರಡುತ್ತದೆ ಅಂತ ಅವರು ತೋರಿಸಿದ್ದು 1898ರಲ್ಲಿ, ಕಲ್ಕತ್ತದಲ್ಲಿ, ಅದೂ ಹಕ್ಕಿಗಳ ಮಲೇರಿಯಾದಲ್ಲಿ.