ಮೇಘಾಲಯದ ಹೂಜಿಗಿಡದಲ್ಲಿ ಎಲೆ ಸೊಂಪಾಗಿದೆ, ಹೂಜಿ ಮಾತ್ರ ಬರುತ್ತಿಲ್ಲ. ಏಕೆ?

ಒಂದು ಮುಖ್ಯ ಕಾರಣ ಗೊಬ್ಬರ. ಈ ಗಿಡ, ಅಂದರೆ ನೆಪೆಂಥಿಸ್ ಖಾಸಿಯಾನ, ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳ ಒಸರು ನೀರಿನ, ಆಮ್ಲೀಯ, ಸಾರಜನಕ ತೀರಾ ಕಡಿಮೆಯಿರುವ ಬಡ ಮಣ್ಣಿನ ಬಳ್ಳಿ. ಮಣ್ಣು ಕೊಡದ ಸಾರಜನಕವನ್ನು ಹುಳುಗಳಿಂದ ಪಡೆಯಲೆಂದೇ ಎಲೆತುದಿಯ ಕುಡಿ ಹೂಜಿಯಾಗುತ್ತದೆ. ಬೇರಿಗೇ ಊಟ ಸಿಕ್ಕರೆ ಅದಕ್ಕೆ ಹೂಜಿಯ ಗೊಡವೆ ಬೇಡ. ಗೊಬ್ಬರ ಹೆಚ್ಚಾದರೆ ಬೇರೂ ಸುಡುತ್ತದೆ.

ಕುಂಡಕ್ಕೆ ತೋಟದ ಮಣ್ಣು ಬೇಡ. ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮಪಾಲು ಸಾಕು. ಮಳೆನೀರನ್ನೇ ಹಾಕಿ, ಬೋರ್‌ವೆಲ್ ನೀರಿನ ಲವಣ ಕುಂಡದಲ್ಲೇ ಉಳಿದು ಗಿಡ ಸೊರಗುತ್ತದೆ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಕಾಡಿನಲ್ಲಿ ಬೇರು ಸದಾ ಒದ್ದೆ, ಆದರೆ ನೀರು ಹರಿದುಹೋಗುತ್ತಿರುತ್ತದೆ. ನಿಂತ ನೀರಲ್ಲಿ ಕೊಳೆಯುತ್ತದೆ. ಕುಡಿ ಬಂದು ತುದಿ ಉಬ್ಬದೆ ಕಪ್ಪಾದರೆ ಗಾಳಿಯ ತೇವ ಸಾಲದು, ಶೇ. 60ಕ್ಕಿಂತ ಮೇಲಿರಲಿ. ಸೋಸಿದ ಬಿಸಿಲೂ ಬೇಕು, ಕತ್ತಲ ಮೂಲೆಯಲ್ಲಿ ಬರೀ ಎಲೆ. ಹೂಜಿಯೊಳಗಿನ ದ್ರವವನ್ನು ಚೆಲ್ಲಬೇಡಿ, ಮಾಂಸದ ಚೂರು ಹಾಕುವ ತಮಾಷೆಯಂತೂ ಬೇಡವೇ ಬೇಡ.

ಗಂಡು, ಹೆಣ್ಣು ಹೂ ಬೇರೆ ಬೇರೆ ಬಳ್ಳಿಯಲ್ಲಿ. ಹಾಗಾಗಿ ಗಣಿಗಾರಿಕೆ, ಬೆಂಕಿಯಿಂದ ಕಾಡು ತುಂಡಾದಲ್ಲಿ ಒಂಟಿ ಬಳ್ಳಿ ಬದುಕಿದ್ದರೂ ಬೀಜ ಕಟ್ಟುವುದಿಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 1ನೇ ಅನುಬಂಧದಲ್ಲಿ ಇದಿದೆ. ಭಾರತದ ವನ್ಯಜೀವಿ ಕಾಯ್ದೆಯಡಿ ಇದನ್ನು ಕಾಡಿನಿಂದ ಕೀಳುವಂತಿಲ್ಲ. ಅಂಗಾಂಶ ಕೃಷಿಯ ಸಸಿಯೇ ಎಂದು ದಾಖಲೆ ನೋಡಿ ಕೊಳ್ಳಿ.